ಲೊಕೇಶನ್ ಸರಿ ಇದೆ, ಬಾಗಿಲು ಎಲ್ಲಿದೆ? ಮ್ಯಾಪ್ ಮತ್ತು ಬಾಗಿಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಕಟ್ಟಡಗಳ ಬಾಗಿಲು, ಗೇಟುಗಳನ್ನು ಮ್ಯಾಪಿಗೆ ಸೇರಿಸುವ ಕೆಲಸವನ್ನು ನಾನು ಬಿಡುವಿದ್ದಾಗ ಮಾಡುತ್ತೇನೆ. ಮ್ಯಾಪ್ ನೋಡಿ ಬರುವ ಒಬ್ಬೊಬ್ಬರೂ "ನನಗೆ ತಕ್ಕ ಬಾಗಿಲು" ಸಿಕ್ಕಿತು ಅನ್ನಬೇಕು, ಅದು ನನ್ನ ಆಸೆ. ಯಾವುದೋ ಗೇಟಿನ ಮುಂದೆ ನಿಂತು ಫೋನಿನಲ್ಲಿ ಗುರುತು ಹಾಕುತ್ತಿದ್ದರೆ ಜನ ಬಂದು ಕೇಳುತ್ತಾರೆ, ಏನ್ರೀ ಇದು, ಯಾಕೆ ಮಾಡ್ತೀರಿ ಅಂತ. ಪತ್ರ ಬರೆದು ಕೇಳುವವರೂ ಇದ್ದಾರೆ. ಕೇಳಿದ್ದೇ ಮತ್ತೆ ಮತ್ತೆ ಬರುವುದರಿಂದ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ನಿಮಗೆ ಬೇಕಾದದ್ದನ್ನಷ್ಟೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದದ್ದು

ಲೊಕೇಶನ್ ಹಾಕಿಕೊಂಡೇ ಬಂದೆ. "ತಲುಪಿದ್ದೀರಿ" ಅಂತ ಫೋನ್ ಹೇಳಿತು. ಎದುರಿಗೆ ನೋಡಿದರೆ ಬರೀ ಗೋಡೆ! ಯಾಕೆ ಹೀಗೆ?

ಹೆಚ್ಚಿನ ಕಟ್ಟಡಗಳು ಮ್ಯಾಪಿನ ಲೆಕ್ಕದಲ್ಲಿ ಒಂದು ಚುಕ್ಕಿ ಅಷ್ಟೇ. ಆ ಚುಕ್ಕಿ ಸಾಮಾನ್ಯವಾಗಿ ಕಟ್ಟಡದ ನಟ್ಟನಡುವೆ ಇರುತ್ತದೆ, ಇಲ್ಲವೇ ಇಡೀ ಜಾಗದ ನಟ್ಟನಡುವೆ. ದಾರಿ ಕೇಳಿದಾಗ ಮ್ಯಾಪ್ ಆ ಚುಕ್ಕಿಗೆ ತೀರಾ ಹತ್ತಿರದ ರಸ್ತೆ ಯಾವುದು ಅಂತ ಹುಡುಕುತ್ತದೆ, ಆ ರಸ್ತೆಯ ತನಕ ನಿಮ್ಮನ್ನು ಕರೆದುಕೊಂಡು ಬರುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಹತ್ತಿರ ಅಂದರೆ ನೇರವಾಗಿ ದಾರ ಹಿಡಿದು ಅಳೆದಂತೆ. ನಡುವೆ ಕಂಪೌಂಡ್ ಇದೆಯಾ, ಗಟಾರ ಇದೆಯಾ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಮ್ಯಾಪಿನಲ್ಲಿ ಬರೆದಿಲ್ಲ.

ಒಂದು ಕಾಲೇಜು ಅಂದುಕೊಳ್ಳಿ. ದೊಡ್ಡ ಆವರಣ. ಮುಂದಿನ ಗೇಟು ದೊಡ್ಡ ರಸ್ತೆಗಿದೆ, ನಡುವಿನ ಚುಕ್ಕಿಯಿಂದ 180 ಮೀಟರ್ ದೂರ. ಹಿಂದೆ ಒಂದು ಸಣ್ಣ ಓಣಿ ಇದೆ, ಅದು 60 ಮೀಟರ್. ಮ್ಯಾಪ್ ಓಣಿಯನ್ನೇ ಆರಿಸುತ್ತದೆ. ನೀವು ಗೋಡೆ ಮುಂದೆ ನಿಲ್ಲುತ್ತೀರಿ. ಅದೇ ಮುಂದಿನ ಗೇಟನ್ನೂ ಗೇಟಿನಿಂದ ಒಳಗೆ ಹೋಗುವ ದಾರಿಯನ್ನೂ ಯಾರಾದರೂ ಸೇರಿಸಿದ್ದರೆ ಮ್ಯಾಪ್ ಅಲ್ಲಿಗೇ ಕರೆದುಕೊಂಡು ಹೋಗಬಹುದಿತ್ತು.

ಬಾಗಿಲು ಅಂದರೆ ಬಾಗಿಲು. ಅದರಲ್ಲಿ ಇಷ್ಟೊಂದು ಯೋಚನೆ ಮಾಡುವುದು ಏನಿದೆ?

ಹಳೆಯ ಮನೆಗೆ ಹೋಗಿ ನೋಡಿ. ತಲಬಾಗಿಲು ಬೇರೆ, ಹಿತ್ತಲ ಬಾಗಿಲು ಬೇರೆ. ಊರಿಗೇ ಒಂದು ಅಗಸಿ ಬಾಗಿಲು ಇರುತ್ತಿತ್ತು. ಯಾರು ಎಲ್ಲಿಂದ ಬರಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲು. ಅಂಥ ಗುಡಿಗೆ ಒಂದೇ ಚುಕ್ಕಿ ಇಟ್ಟರೆ ಯಾವ ಬಾಗಿಲು ಅಂತ ಹೇಗೆ ತಿಳಿಯಬೇಕು?

ಈಗಿನ ಕಟ್ಟಡಗಳಲ್ಲಿ ಇನ್ನೂ ಜಾಸ್ತಿ ಇವೆ. ಮುಖ್ಯ ಬಾಗಿಲು, ಸಾಮಾನು ಇಳಿಸುವ ಬಾಗಿಲು, ಹೊರಗೆ ಹೋಗಲು ಮಾತ್ರ ಇರುವ ಬಾಗಿಲು, ಬೆಂಕಿ ಬಿದ್ದರೆ ಓಡಿ ಹೋಗುವ ಬಾಗಿಲು. ಇನ್ನೊಂದು ಮಾತು, ಗೇಟು ಬೇರೆ, ಬಾಗಿಲು ಬೇರೆ. ಗೇಟು ಕಂಪೌಂಡಿಗೆ, ಬಾಗಿಲು ಕಟ್ಟಡಕ್ಕೆ. ಮ್ಯಾಪಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹಾಕಬೇಕು. ಹೊಸಬರು ಮೊದಲು ತಪ್ಪುವುದು ಇಲ್ಲೇ.

"ನನಗೆ ತಕ್ಕ ಬಾಗಿಲು" ಅಂತೀರಲ್ಲ, ಹಾಗಂದರೇನು? ಎಲ್ಲರಿಗೂ ಒಂದು ಮುಖ್ಯ ಬಾಗಿಲು ತೋರಿಸಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ನಾನು ಈ ಕೆಲಸಕ್ಕೆ ಬಿದ್ದದ್ದೇ ಅದರಿಂದ.

ನಮ್ಮ ಅವ್ವನಿಗೆ ಎರಡೂ ಮೊಣಕಾಲು ನೋವು. ಒಂದು ಬೇಸಿಗೆಯಲ್ಲಿ ಅವಳನ್ನು ಒಂದು ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆ. ಫೋನ್ ತೋರಿಸಿದಂತೆ ಮುಖ್ಯ ಬಾಗಿಲಿಗೇ ಹೋದೆವು. ತಪ್ಪೇನೂ ಇರಲಿಲ್ಲ, ಅದು ಮುಖ್ಯ ಬಾಗಿಲೇ. ಆದರೆ ಮುಂದೆ ಒಂಬತ್ತು ಪಾವಟಿಗೆ, ಅಂದರೆ ಮೆಟ್ಟಿಲು. ಅವ್ವ ಒಂದೊಂದಕ್ಕೂ ನಿಂತು, ನನ್ನ ಹೆಗಲು ಹಿಡಿದು, ಮೇಲೆ ಹೋಗುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂದಿತ್ತು. ಒಳಗೆ ಹೋದ ಮೇಲೆ ಅಲ್ಲಿನ ಆಯಾ ಹೇಳಿದರು, "ಬಾಜೂಕ ಇಳಿಜಾರು ಐತ್ರೀ ಅಕ್ಕಾರ, ಅತ್ಲಾಗಿಂದ ಬರಬೇಕಿತ್ತು." ಆ ಇಳಿಜಾರು ಅರವತ್ತು ಹೆಜ್ಜೆ ದೂರದಲ್ಲಿತ್ತು. ಯಾವ ಮ್ಯಾಪಿನಲ್ಲೂ ಅದು ಇರಲಿಲ್ಲ.

ಅವತ್ತು ನನಗೂ ಅವ್ವನಿಗೂ ಬೇಕಾದ ಬಾಗಿಲು ಬೇರೆ ಬೇರೆ. ನಾನೊಬ್ಬಳೇ ಹೋಗಿದ್ದರೆ ಪಾವಟಿಗೆ ಹತ್ತಿ ಹೋಗುತ್ತಿದ್ದೆ. ಗಾಲಿಕುರ್ಚಿಯವರಿಗೆ ಇಳಿಜಾರಿನ ಬಾಗಿಲು ಬೇಕು, ಸಿಲಿಂಡರ್ ತರುವವರಿಗೆ ಹಿಂದಿನ ಬಾಗಿಲು ಬೇಕು, ಕಾರಿನವರಿಗೆ ಪಾರ್ಕಿಂಗ್ ಹತ್ತಿರದ್ದು, ರಾತ್ರಿ ಬಂದವರಿಗೆ ತೆರೆದಿರುವುದು. ಕೇಳುವವರು ಯಾರು, ಹೇಗೆ ಬರುತ್ತಿದ್ದಾರೆ, ಯಾವ ಹೊತ್ತಿಗೆ ಅಂತ ನೋಡಿ ಬಾಗಿಲು ಆರಿಸುವುದೇ "ನನಗೆ ತಕ್ಕ ಬಾಗಿಲು".

ನಾನು ನಿಂತಿರುವುದು ಒಂದು ಓಣಿಯಲ್ಲಿ, ನೀಲಿ ಚುಕ್ಕಿ ಪಕ್ಕದ ಓಣಿಯಲ್ಲಿ. ಫೋನ್ ಕೆಟ್ಟಿದೆಯಾ?

ಇಲ್ಲ. ಬಯಲಿನಲ್ಲಿ ನಿಂತರೆ ಮಾಮೂಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಸರಿಯಾಗಿ ಹೇಳುತ್ತದೆ. ನೆಹರು ಮೈದಾನದ ನಡುವೆ ನಿಂತು ನೋಡಿ, ಚುಕ್ಕಿ ಅಲ್ಲಾಡುವುದಿಲ್ಲ. ಜವಳಿ ಸಾಲಿನೊಳಗೆ ಹೋಗಿ ನೋಡಿ, ಕುಣಿಯುತ್ತದೆ. ಎರಡೂ ಕಡೆ ಎತ್ತರದ ಕಟ್ಟಡ, ಮೇಲೆ ಸ್ವಲ್ಪವೇ ಆಕಾಶ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ದೂರ ಜಾಸ್ತಿ ಅಂತ ಫೋನ್ ತಿಳಿದುಕೊಳ್ಳುತ್ತದೆ. ಓಣಿಯೇ ನಾಲ್ಕು ಮೀಟರ್ ಇರುವಲ್ಲಿ ಹತ್ತು ಮೀಟರ್ ತಪ್ಪಿದರೆ ನೀವು ಬೇರೆ ಓಣಿಯಲ್ಲಿದ್ದಂತೆ.

ಅದಕ್ಕೇ ಪೇಟೆಯೊಳಗೆ ಬಾಗಿಲು ಗುರುತಿಸುವಾಗ ನಾನು ಜಿಪಿಎಸ್ ನಂಬುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಮೂಲೆಯಿಂದ ಎಷ್ಟನೇ ಕಟ್ಟಡ ಅಂತ ಎಣಿಸಿ ಕೈಯಿಂದಲೇ ಇಡುತ್ತೇನೆ.

## ದಿನಬಳಕೆಯಲ್ಲಿ

ಮನೆಯಲ್ಲಿ ಕಾರ್ಯಕ್ರಮ ಇದೆ. ಬರುವವರಿಗೆ ಲೊಕೇಶನ್ ಹೇಗೆ ಕಳಿಸಿದರೆ ಸರಿ?

ಪಡಸಾಲೆಯಲ್ಲಿ ಕೂತು ಕಳಿಸಬೇಡಿ. ಎದ್ದು ಗೇಟಿಗೆ ಹೋಗಿ, ರಸ್ತೆಯಲ್ಲಿ ನಿಂತು, ಅರ್ಧ ನಿಮಿಷ ಕಾಯಿರಿ. ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸುವ ಕಡೆ "ಇಷ್ಟು ಮೀಟರ್ ಒಳಗೆ ಸರಿ" ಅಂತ ಸಣ್ಣ ಅಕ್ಷರದಲ್ಲಿ ತೋರಿಸುತ್ತದೆ. ಅದು ಐದಾರು ಮೀಟರಿಗೆ ಇಳಿದ ಮೇಲೆ ಕಳಿಸಿ.

ಜೊತೆಗೆ ಎರಡು ಸಾಲು ಬರೆಯಿರಿ. "ಕರಿ ಗೇಟು, ಎದುರಿಗೆ ಬೇವಿನ ಮರ, ಕಾರು ಒಳಗೆ ಬರುವುದಿಲ್ಲ" ಅಂದರೆ ಸಾಕು. ನಮ್ಮ ಕಡೆ ವಿಳಾಸ ಅಂದರೆ ಮೊದಲಿಂದಲೂ ಎದುರು, ಹಿಂದೆ, ಬಾಜೂಕೆ ಅಂತಲೇ ಅಲ್ವಾ? ಮ್ಯಾಪಿನಲ್ಲಿ ಜಾಗ ತೋರಿಸುವ ಪಿನ್ ಬಂತು ಅಂತ ಅದನ್ನು ಬಿಡಬೇಡಿ. ನಮ್ಮ ಕಾಕಾನ ಮಗಳ ಮದುವೆಯಲ್ಲಿ ಕಲ್ಯಾಣ ಮಂಟಪದ ಲೊಕೇಶನ್ ಅಂತ ಕಳಿಸಿದ್ದು ಅಡುಗೆ ಮನೆ ಕಡೆ ಬಿದ್ದಿತ್ತು. ಬೀಗರು ಬಂದು ಇಳಿದದ್ದು ಪಾತ್ರೆ ತೊಳೆಯುವ ಜಾಗದಲ್ಲಿ. ಕಾಕಾನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಕಲ್ಯಾಣ ಮಂಟಪ, ಅಂಗಡಿ, ಕ್ಲಿನಿಕ್ ನಡೆಸುವವರು ಗೂಗಲ್ ಮ್ಯಾಪಿನಲ್ಲಿ ತಮ್ಮ ಪಿನ್ನನ್ನು ಎಳೆದು ಬಾಗಿಲಿನ ಹತ್ತಿರ ಇಡಬಹುದು. ಗಾಲಿಕುರ್ಚಿ ಒಳಗೆ ಬರುವ ಬಾಗಿಲು ಇದೆಯಾ ಅಂತ ಹೇಳಲೂ ಅಲ್ಲೇ ಜಾಗ ಇದೆ. ದಯವಿಟ್ಟು ತುಂಬಿ. ನಿಜ ಇದ್ದರೆ ಮಾತ್ರ ಹೌದು ಅನ್ನಿ.

ಈಗ ಡಿಜಿಪಿನ್ ಬಂದಿದೆಯಲ್ಲ, ಇನ್ನು ಈ ತಾಪತ್ರಯ ಇರುವುದಿಲ್ಲ ಅಲ್ವಾ?

ಅರ್ಧ ಕಡಿಮೆಯಾಗುತ್ತದೆ. ನಾವು ಬಳಸುವ ಆರು ಅಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದು ಅಂಚೆ ಕಚೇರಿಯ ತನಕ ಮುಟ್ಟಿಸುತ್ತದೆ, ಮನೆ ತನಕ ಅಲ್ಲ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಭಾಗ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಡುತ್ತದೆ. ಗೂಗಲಿನ ಪ್ಲಸ್ ಕೋಡ್ ಕೂಡ ಇಂಥದ್ದೇ. ಅದರ ಹತ್ತು ಅಕ್ಷರದ ಕೋಡಿನ ಚೌಕ ಸುಮಾರು 14 ಮೀಟರ್, ಹನ್ನೊಂದನೆಯ ಅಕ್ಷರ ಸೇರಿಸಿದರೆ ಮೂರು ಮೀಟರ್ ಚಿಲ್ಲರೆ.

ನಾಲ್ಕು ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಗೇಟಿನ ಅಗಲ. ಆದರೆ ಅದು ಬರೀ ಜಾಗದ ಹೆಸರು. ಅಲ್ಲಿ ಬಾಗಿಲಿದೆಯೋ ಗೋಡೆಯೋ, ಎಷ್ಟನೇ ಮಹಡಿ, ಪಾವಟಿಗೆ ಇದೆಯಾ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ಒಂದೇ ಮನೆಗೆ ನಾಲ್ಕೈದು ಚೌಕ ಬರುತ್ತವೆ. ನೀವು ದೇವರ ಮನೆಯ ಚೌಕ ಕೊಟ್ಟರೆ ಮತ್ತೆ ಅದೇ ಕಥೆ. ಗೇಟಿನ ಚೌಕ ಕೊಡಿ.

ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿಗೆ ಯಾವ ಕಡೆಯಿಂದ ಹೋದರೂ ಒಂದೇ ತಾನೇ?

ಒಂದೇ ಅಲ್ಲ! ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು, ಜಗತ್ತಿನಲ್ಲೇ ಅತಿ ಉದ್ದದ್ದು. ಹೆಮ್ಮೆಯ ಮಾತು. ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೂ 18 ನಿಮಿಷ ಬೇಕು. ಕೈಯಲ್ಲಿ ಚೀಲ, ಜೊತೆಗೆ ಮಗು ಇದ್ದರೆ ಅರ್ಧ ಗಂಟೆ ಹಿಡಿಯಿರಿ.

ಊರೊಳಗಿನ ಮುಖ್ಯ ಬಾಗಿಲು ಇದೆ, ಗದಗ ರಸ್ತೆ ಕಡೆಯಿಂದಲೂ ಒಳಗೆ ಹೋಗಬಹುದು. ಕೇಶ್ವಾಪುರದವರಿಗೂ ಹಳೇ ಹುಬ್ಬಳ್ಳಿಯವರಿಗೂ ಮ್ಯಾಪ್ ಒಂದೇ ಚುಕ್ಕಿ ತೋರಿಸಿದರೆ ಯಾರಿಗಾದರೂ ಒಬ್ಬರಿಗೆ ಸುತ್ತು ಆಗೇ ಆಗುತ್ತದೆ. "ನನಗೆ ತಕ್ಕ ಬಾಗಿಲು" ಅಂದರೆ ಇಲ್ಲಿ ನಿಮ್ಮ ಮನೆ ಯಾವ ಕಡೆ, ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಲಿಫ್ಟ್ ಬೇಕಾ ಅನ್ನುವ ಮೂರನ್ನೂ ಸೇರಿಸಿ ನೋಡಬೇಕು. ಸದ್ಯಕ್ಕೆ ನೀವೇ ಒಂದು ಉಪಾಯ ಮಾಡಬಹುದು. ನಿಲ್ದಾಣದ ಹೆಸರು ಹಾಕಿ ದಾರಿ ಕೇಳಬೇಡಿ. ಮ್ಯಾಪನ್ನು ಹಿಗ್ಗಿಸಿ, ಬೇಕಾದ ಬಾಗಿಲಿನ ಮೇಲೆ ಬೆರಳು ಒತ್ತಿ ಹಿಡಿದು, ಆ ಜಾಗಕ್ಕೇ ದಾರಿ ಕೇಳಿ.

ಚಿಗರಿ ಬಸ್ಸಿಳಿದು ನಡೆದು ಹೋಗಬೇಕು. ಮ್ಯಾಪ್ ಸುತ್ತಿ ಸುತ್ತಿ ತೋರಿಸುತ್ತದೆ. ಯಾಕೆ?

ಚಿಗರಿ ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸು. ಅದರ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಅಲ್ಲಿಂದ ಆಚೆಗೋ ಈಚೆಗೋ ದಾಟಲೇಬೇಕು. ದಾಟುವ ಜಾಗ ಮ್ಯಾಪಿನಲ್ಲಿ ಇಲ್ಲದಿದ್ದರೆ, ಇದ್ದರೂ ನಿಲ್ದಾಣದ ಬಾಗಿಲಿಗೆ ಜೋಡಿಸದಿದ್ದರೆ, ನಿಮಗೆ ದಾಟಲು ಆಗುವುದೇ ಇಲ್ಲ ಅಂತ ಅದು ತಿಳಿದು ಮುಂದಿನ ಸರ್ಕಲ್ ತನಕ ಕಳಿಸುತ್ತದೆ. ಇನ್ನೊಂದು ಕಾರಣವೂ ಇದೆ. ನೀವು ಕಾರಿನ ದಾರಿಯನ್ನು ಆರಿಸಿರಬಹುದು. ನಡೆಯುವ ಗುರುತು ಒತ್ತಿ ಮತ್ತೊಮ್ಮೆ ನೋಡಿ.

108ಕ್ಕೆ ಫೋನ್ ಮಾಡಿದಾಗ ಲೊಕೇಶನ್ ಹೇಳಿದರೆ ಸಾಕಾ?

ಲೊಕೇಶನ್ ಹೇಳಿ, ಗೇಟನ್ನೂ ಹೇಳಿ. ಯಾವ ರಸ್ತೆಯಿಂದ ಒಳಗೆ ಬರಬೇಕು, ಆಂಬುಲೆನ್ಸ್ ಎಲ್ಲಿ ತನಕ ಬರುತ್ತದೆ, ಸ್ಟ್ರೆಚರ್ ತಿರುಗುವಷ್ಟು ಜಾಗ ಇದೆಯಾ. ಒಬ್ಬರನ್ನು ಓಣಿಯ ಬಾಯಿಗೆ ನಿಲ್ಲಿಸಿ, ರಾತ್ರಿಯಾದರೆ ಕೈಯಲ್ಲಿ ಟಾರ್ಚ್ ಇರಲಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಬೀಗ ಹಾಕಿದ ಎರಡನೇ ಗೇಟಿನ ಕೀಲಿ ಯಾರ ಹತ್ತಿರ ಇದೆ ಅಂತ ಇವತ್ತೇ ಕೇಳಿ ಇಟ್ಟುಕೊಳ್ಳಿ.

## ನೀವೇ ಸೇರಿಸುವುದಾದರೆ

ನಮ್ಮ ಓಣಿಯ ಬಾಗಿಲುಗಳನ್ನು ನಾನೇ ಮ್ಯಾಪಿಗೆ ಹಾಕಬಹುದಾ? ಅದಕ್ಕೆ ಇಂಜಿನಿಯರ್ ಆಗಿರಬೇಕಾ?

ಬೇಡವೇ ಬೇಡ. ನಾನು ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದರು. ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್ ಮುಂತಾದ ಆಪ್‌ಗಳು ಇದರ ಮೇಲೇ ನಡೆಯುತ್ತವೆ, ನೆಟ್ ಇಲ್ಲದೆಯೂ.

ಕಂಪ್ಯೂಟರಿನಲ್ಲಾದರೆ ಹೀಗೆ. ಕಟ್ಟಡದ ಅಂಚಿನ ಗೆರೆ ಇರುತ್ತದೆ. ಬಾಗಿಲು ಇರುವಲ್ಲಿ ಆ ಗೆರೆಯ ಮೇಲೇ ಒಂದು ಚುಕ್ಕಿ ಇಡಿ. ಅದಕ್ಕೆ ಎಂಟ್ರೆನ್ಸ್ ಅನ್ನುವ ಗುರುತು ಕೊಟ್ಟು ಮುಖ್ಯ ಬಾಗಿಲೋ, ಸಾಮಾನಿನ ಬಾಗಿಲೋ ಅಂತ ಆರಿಸಿ. ಕಂಪೌಂಡಿದ್ದರೆ ಅದರ ಗೇಟು ಬೇರೆ ಚುಕ್ಕಿ. ಇಷ್ಟಾದ ಮೇಲೆ ರಸ್ತೆಯಿಂದ ಗೇಟು, ಗೇಟಿನಿಂದ ಬಾಗಿಲು, ಹೀಗೆ ನಡೆಯುವ ದಾರಿಯನ್ನು ಎಳೆದು ಜೋಡಿಸಿ. ಜೋಡಿಸದಿದ್ದರೆ ಬಾಗಿಲು ಮ್ಯಾಪಿನಲ್ಲಿ ಕಾಣುತ್ತದೆ, ಆದರೆ ಅಲ್ಲಿಗೆ ದಾರಿ ಸಿಗುವುದಿಲ್ಲ. ನಾನು ಮೊದಲ ಎರಡು ತಿಂಗಳು ಹಾಕಿದ ಬಾಗಿಲುಗಳನ್ನೆಲ್ಲ ಕೂತು ಮತ್ತೆ ಜೋಡಿಸಬೇಕಾಯಿತು.

ಫೋನಿನಲ್ಲೇ ಮಾಡುವುದಾದರೆ ಸ್ಟ್ರೀಟ್‌ಕಂಪ್ಲೀಟ್ ಅಂತ ಆಪ್ ಇದೆ. ನೀವು ನಿಂತ ಜಾಗದ ಬಗ್ಗೆ ಅದೇ ಸುಲಭದ ಪ್ರಶ್ನೆ ಕೇಳುತ್ತದೆ, ನೀವು ಉತ್ತರ ಒತ್ತಿದರೆ ಆಯಿತು. ಎವ್ರಿ ಡೋರ್ ಅಂತ ಇನ್ನೊಂದಿದೆ, ಹೆಸರೇ ಹೇಳುವಂತೆ ಬಾಗಿಲು ಸೇರಿಸಲು ಅದರಲ್ಲಿ ಬೇರೆ ಪುಟವೇ ಇದೆ. ಒಂದು ಭಾನುವಾರ ಸಂಜೆ, ಮಾಳಮಡ್ಡಿಯ ಒಂದು ರಸ್ತೆ. ಅಷ್ಟರಿಂದ ಶುರು ಮಾಡಿ.

ಒಂದೇ ಕಟ್ಟುನಿಟ್ಟು: ಬೇರೆ ಕಂಪನಿಯ ಮ್ಯಾಪ್ ನೋಡಿ ಇದಕ್ಕೆ ನಕಲು ಮಾಡಬಾರದು. ಕಣ್ಣಾರೆ ಕಂಡದ್ದನ್ನು ಬರೆಯಿರಿ.

ಇಳಿಜಾರು ಇದೆ ಅಂತ ಬರೆದರೆ ಆಯಿತಲ್ಲ? ಅದರಲ್ಲಿ ಅಳೆಯುವುದು ಏನಿದೆ?

ಅಳೆಯಲೇಬೇಕು. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ತಪ್ಪು ಮಾಹಿತಿ ನಂಬಿ ಬಂದ ಗಾಲಿಕುರ್ಚಿಯವರು ಬಿಸಿಲಿನಲ್ಲಿ ವಾಪಸ್ ಹೋಗುವುದನ್ನು ನೋಡಿದ್ದೇನೆ.

ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರ ಇದ್ದರೆ ಇಳಿಜಾರು ಹನ್ನೆರಡು ಅಡಿ ಉದ್ದ ಇರಬೇಕು. ಆರು ಪಾವಟಿಗೆ, ಒಂದೊಂದು 15 ಸೆಂಟಿಮೀಟರ್ ಅಂದರೆ 90 ಸೆಂಟಿಮೀಟರ್ ಎತ್ತರ. ಅದಕ್ಕೆ 10.8 ಮೀಟರ್ ಇಳಿಜಾರು ಬೇಕು. ನಮ್ಮಲ್ಲಿ ಎಷ್ಟೋ ಕಡೆ ಅಷ್ಟೇ ಎತ್ತರಕ್ಕೆ ಮೂರು ಮೀಟರಿನಲ್ಲಿ ಸಿಮೆಂಟ್ ಬಳಿದು ಮುಗಿಸಿರುತ್ತಾರೆ. ಅದು ಸ್ಕೂಟರ್ ಹತ್ತಿಸಲು ಸರಿ, ಮನುಷ್ಯರಿಗಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಸುಗಮ್ಯ ಭಾರತ ಅಭಿಯಾನ ಅದಕ್ಕೂ ಒಂದು ವರ್ಷ ಮೊದಲು, 2015ರ ಡಿಸೆಂಬರ್ 3ರಂದು. ಕಾಯ್ದೆ ಇದೆ ಅಂದ ಮಾತ್ರಕ್ಕೆ ಇಳಿಜಾರು ಸರಿ ಇದೆ ಅಂತ ಬರೆಯಲಾಗದು.

ನಾನು ಬರೆಯುವುದು ಇಷ್ಟು: ಎಷ್ಟು ಪಾವಟಿಗೆ, ಇಳಿಜಾರು ಇದೆಯಾ, ಹಿಡಿದುಕೊಳ್ಳಲು ಕಂಬಿ ಇದೆಯಾ, ಬಾಗಿಲಿನ ಅಗಲ ಎಷ್ಟು. 90 ಸೆಂಟಿಮೀಟರ್ ಇದ್ದರೆ ಗಾಲಿಕುರ್ಚಿಯವರ ಮೊಣಕೈ ತಾಗುವುದಿಲ್ಲ. ವೀಲ್‌ಮ್ಯಾಪ್ ಅನ್ನುವ ಬರ್ಲಿನ್ನಿನ ಮ್ಯಾಪ್ 2010ರಿಂದ ಇದೇ ಮಾಹಿತಿಯನ್ನು ಬಣ್ಣದಲ್ಲಿ ತೋರಿಸುತ್ತದೆ. ಮೆಟ್ಟಿಲೇ ಇಲ್ಲದಿದ್ದರೆ ಹಸಿರು, 7 ಸೆಂಟಿಮೀಟರ್ ಒಳಗಿನ ಒಂದೇ ಮೆಟ್ಟಿಲಿದ್ದರೆ ಹಳದಿ, ಅದಕ್ಕಿಂತ ಜಾಸ್ತಿ ಇದ್ದರೆ ಕೆಂಪು. ನಮ್ಮೂರಿನ ಹೊಸ್ತಿಲುಗಳನ್ನು ಅಳೆದುಕೊಂಡು ಹೋದರೆ ಹಸಿರು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ.

ನಮ್ಮ ಅಂಗಡಿ ದುರ್ಗದಬೈಲಿನ ಒಳಗಿದೆ. ಗಾಡಿ ಬರುವುದಿಲ್ಲ. ಮ್ಯಾಪ್ ಮಾತ್ರ ಗಾಡಿಯವರನ್ನು ಓಣಿಯೊಳಗೇ ಕಳಿಸುತ್ತದೆ. ಏನು ಮಾಡಲಿ?

ಇಲ್ಲಿ ತೊಂದರೆ ಬಾಗಿಲಿನದ್ದಲ್ಲ, ಓಣಿಯದ್ದು. ಆ ಓಣಿಯನ್ನು ಯಾರೋ ಮಾಮೂಲಿ ರಸ್ತೆ ಅಂತ ಗುರುತಿಸಿರುತ್ತಾರೆ. ಅದನ್ನು ನಡೆಯುವ ದಾರಿ ಅಂತ ಬದಲಿಸಿ, ಅಗಲ ಬರೆಯಿರಿ, ಬೈಕ್ ಹೋಗುತ್ತದಾದರೆ ಅದನ್ನೂ ಸೇರಿಸಿ. ಆಗ ಟೆಂಪೋದವರಿಗೆ ಓಣಿಯ ಬಾಯಿಯೇ ಕೊನೆಯ ಜಾಗ, ನಡೆದು ಬರುವ ಗಿರಾಕಿಗೆ ನಿಮ್ಮ ಕಟ್ಟೆಯೇ ಕೊನೆ. ಹಮಾಲರು ಸಾಮಾನು ಎಲ್ಲಿ ಇಳಿಸುತ್ತಾರೆ ಅಂತ ಕೇಳಿ ನೋಡಿ, ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಹೆಸರು ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಿನಲ್ಲಿ ಬರೆಯಲಾ?

ಎರಡರಲ್ಲೂ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕನ್ನಡ ಹೆಸರಿಗೆ ಬೇರೆ ಖಾನೆ ಇದೆ, ಹಳೆಯ ಹೆಸರಿಗೂ ಇದೆ. ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಅಂತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಹುಬ್ಳಿ ಅಂತ ಹುಡುಕುವವರು ಈಗಲೂ ಇದ್ದಾರೆ. ಗೇಟಿನ ಮೇಲೆ "ಹೊರರೋಗಿ ವಿಭಾಗ" ಅಂತ ಬರೆದಿದ್ದರೆ ಹಾಗೇ ಬರೆಯಿರಿ, ಜನ ಬಾಯಲ್ಲಿ "ಓಪಿಡಿ ಗೇಟು" ಅಂದರೆ ಅದನ್ನೂ ಸೇರಿಸಿ.

## ಇನ್ನೂ ಒಳಗೆ ಹೋದರೆ

ಐದು ಬಾಗಿಲಿದ್ದರೆ ಯಾವುದು ನನಗೆ ಅಂತ ಆಪ್ ಹೇಗೆ ಆರಿಸುತ್ತದೆ?

ಪ್ರತಿ ಬಾಗಿಲಿಗೂ ಬೇರೆ ದಾರಿ ಲೆಕ್ಕ ಹಾಕಿ, ಯಾವುದರ ಒಟ್ಟು "ಖರ್ಚು" ಕಡಿಮೆಯೋ ಅದನ್ನು ತೆಗೆದುಕೊಳ್ಳುತ್ತದೆ. ಖರ್ಚು ಅಂದರೆ ದುಡ್ಡಲ್ಲ, ದೂರ ಮತ್ತು ಕಷ್ಟ. ತಿಳಿಯಲಿ ಅಂತ ನಾನೇ ಒಂದು ಲೆಕ್ಕ ಕಟ್ಟಿದ್ದೇನೆ.

ಮುಂದಿನ ಬಾಗಿಲು 40 ಮೀಟರ್, ಆರು ಪಾವಟಿಗೆ. ಪಕ್ಕದ ಬಾಗಿಲು 110 ಮೀಟರ್, ಇಳಿಜಾರು. ಗಟ್ಟಿಮುಟ್ಟಾದವರಿಗೆ ಒಂದು ಪಾವಟಿಗೆ 2 ಮೀಟರ್ ನಡೆದಷ್ಟು ಅಂತ ಇಟ್ಟರೆ ಮುಂದಿನ ಬಾಗಿಲು 52, ಪಕ್ಕದ್ದು 110. ಮುಂದಿನದೇ ಸರಿ. ಮೊಣಕಾಲು ನೋವಿನವರಿಗೆ ಒಂದು ಪಾವಟಿಗೆ 25 ಮೀಟರ್ ನಡೆದಷ್ಟು ಅಂತ ಇಡೋಣ. ಆಗ ಮುಂದಿನದು 190 ಆಗುತ್ತದೆ, ಪಕ್ಕದ್ದು 110ರಲ್ಲೇ ಇರುತ್ತದೆ. ಗಾಲಿಕುರ್ಚಿಯವರಿಗೆ ಪಾವಟಿಗೆಯ ದಾರಿಯನ್ನೇ ಲೆಕ್ಕದಿಂದ ತೆಗೆದುಬಿಡಬೇಕು.

ಇಲ್ಲಿಗೆ ಮುಗಿಯಲಿಲ್ಲ. ಬಾಗಿಲಿನ ಒಳಗೆ ಎಷ್ಟು ನಡೆಯಬೇಕು ಅನ್ನುವುದೂ ಸೇರಬೇಕು. ರಸ್ತೆಗೆ ಹತ್ತಿರದ ಬಾಗಿಲಿನಲ್ಲಿ ಒಳಗೆ ಹೋಗಿ ಆಮೇಲೆ ಉದ್ದದ ಕಾರಿಡಾರ್ ಪೂರ್ತಿ ನಡೆದರೆ ಏನು ಬಂತು? ಕಿಮ್ಸ್ ತರಹದ, ಹತ್ತಾರು ಕಟ್ಟಡ ಇರುವ ಆವರಣಗಳಲ್ಲಿ "ಆಸ್ಪತ್ರೆಗೆ ದಾರಿ" ಅನ್ನುವ ಮಾತಿಗೇ ಅರ್ಥ ಕಡಿಮೆ. ಯಾವ ವಿಭಾಗ ಅಂತ ಕೇಳಿ ಅದರ ಬಾಗಿಲಿಗೆ ಲೆಕ್ಕ ಹಾಕಬೇಕು.

ಜನ ಓಡಾಡುವುದನ್ನು ನೋಡಿಯೇ ಫೋನ್ ಬಾಗಿಲು ಕಂಡುಹಿಡಿಯಬಹುದಲ್ವಾ? ನಾವು ಸುಮ್ನೆ ಯಾಕೆ ಕಷ್ಟಪಡಬೇಕು?

ಕಂಡುಹಿಡಿಯಬಹುದು. ನೂರು ಜನ ಎಲ್ಲಿ ಬೈಕ್ ನಿಲ್ಲಿಸಿ ನಡೆಯಲು ಶುರು ಮಾಡಿದರು, ಎಲ್ಲಿ ಜಿಪಿಎಸ್ ಸಂಕೇತ ದಿಢೀರನೆ ದುರ್ಬಲವಾಯಿತು ಅಂತ ನೋಡಿದರೆ ಅಲ್ಲೇ ಬಾಗಿಲು ಇದೆ ಅಂತ ಊಹಿಸಬಹುದು. ಡೆಲಿವರಿ ಹುಡುಗರು ಪಾರ್ಸೆಲ್ ಕೊಟ್ಟೆ ಅಂತ ಒತ್ತಿದ ಜಾಗಗಳೂ ಅಂಥ ಸುಳಿವೇ.

ಆದರೆ ಅದು ಜಾಸ್ತಿ ಜನ ಬಳಸುವ ಬಾಗಿಲನ್ನು ಕಲಿಯುತ್ತದೆ. ಗಾಲಿಕುರ್ಚಿಯವರು ನೂರಕ್ಕೆ ಎಷ್ಟು ಜನ? ಅವರಲ್ಲಿ ಎಷ್ಟೋ ಮಂದಿ ಬಾಗಿಲು ಸಿಗದೆ ಮನೆಯಲ್ಲೇ ಉಳಿದವರು. ಅವರ ಹೆಜ್ಜೆ ಗುರುತು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನಮ್ಮ ಅವ್ವನಿಗೆ ಬೇಕಾದ ಇಳಿಜಾರನ್ನು ಈ ಉಪಾಯದಿಂದ ಯಾವ ಯಂತ್ರವೂ ಕಲಿಯುತ್ತಿರಲಿಲ್ಲ. ಯಾರಾದರೂ ಹೋಗಿ ನೋಡಿ ಬರೆಯಲೇಬೇಕಿತ್ತು.

ಇನ್ನೊಂದು, ನೀವು ಎಲ್ಲಿ ಹೋದಿರಿ ಅನ್ನುವುದು ನಿಮ್ಮ ಸ್ವಂತ ವಿಷಯ. ಯಾವ ಡಾಕ್ಟರ ಬಾಗಿಲಿಗೆ ಹೋದಿರಿ ಅಂತ ಗೊತ್ತಾದರೆ ಕಾಯಿಲೆಯೂ ಗೊತ್ತಾದಂತೆ. "ನನಗೆ ಗಾಲಿಕುರ್ಚಿ ಬೇಕು" ಅನ್ನುವ ಮಾಹಿತಿ ನಿಮ್ಮ ಫೋನಿನಲ್ಲೇ ಇದ್ದು, ದಾರಿಯ ಲೆಕ್ಕವೂ ಫೋನಿನಲ್ಲೇ ಆಗುವುದು ಒಳ್ಳೆಯದು. ಆಫ್‌ಲೈನ್ ಮ್ಯಾಪ್‌ಗಳನ್ನು ನಾನು ಇಷ್ಟಪಡುವುದು ಅದಕ್ಕೇ.

ಹಗಲು ತೆರೆದಿದ್ದ ಗೇಟು ರಾತ್ರಿ ಬೀಗ. ಜಾತ್ರೆ ದಿನ ಇಡೀ ರಸ್ತೆಯೇ ಬಂದ್. ಇದನ್ನೆಲ್ಲ ಹೇಗೆ ಬರೆಯುತ್ತೀರಿ?

ದಿನದ ಹೊತ್ತನ್ನು ಬರೆಯಬಹುದು. ಬಾಗಿಲಿಗೂ ಅಂಗಡಿಯಂತೆ ತೆರೆಯುವ, ಮುಚ್ಚುವ ಸಮಯ ಹಾಕಲು ಬರುತ್ತದೆ. ಹೊರರೋಗಿಗಳ ಗೇಟಿಗೆ ಬೆಳಿಗ್ಗೆಯ ಹೊತ್ತು, ತುರ್ತು ಚಿಕಿತ್ಸೆಯ ಗೇಟಿಗೆ 24 ಗಂಟೆ. ಎಲ್ಲ ಆಪ್‌ಗಳೂ ಇದನ್ನು ಓದುವುದಿಲ್ಲ, ಆದರೂ ಬರೆದಿಡಿ.

ಜಾತ್ರೆ ಬೇರೆ ವಿಷಯ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಜನ ಎಲ್ಲಿಂದ ಒಳಗೆ, ಎಲ್ಲಿಂದ ಹೊರಗೆ ಅನ್ನುವುದು ಆ ಎರಡು ದಿನದ ಮಾತು. ಅದನ್ನು ಖಾಯಂ ಮ್ಯಾಪಿಗೆ ಹಾಕಬಾರದು. ಆ ದಿನ ಮ್ಯಾಪ್ ಬದಿಗಿಟ್ಟು ನಿಂತಿರುವ ಪೊಲೀಸರನ್ನು ಕೇಳಿ.

ಬಾಗಿಲ ತನಕ ಸರಿ, ಮೂರನೇ ಮಹಡಿ ಅಂತ ಫೋನಿಗೆ ತಿಳಿಯುತ್ತದಾ?

ಜಿಪಿಎಸ್‌ನಿಂದ ಕಷ್ಟ. ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸಣ್ಣ ಯಂತ್ರ ಇರುತ್ತದೆ. ಒಂದು ಮೀಟರ್ ಮೇಲೆ ಹೋದರೆ ಒತ್ತಡ ಸುಮಾರು 0.12 ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ, ಒಂದು ಮಹಡಿಗೆ ಅದರ ಮೂರು ಪಟ್ಟು. ಅದು ಫೋನಿಗೆ ಗೊತ್ತಾಗುತ್ತದೆ. ಆದರೆ ಮೋಡ ಕವಿದರೂ ಒತ್ತಡ ಬದಲಾಗುತ್ತದೆ, ಹಾಗಾಗಿ ಅದೊಂದನ್ನೇ ನಂಬಲಾಗದು. ಕೊಪ್ಪಿಕರ್ ರಸ್ತೆಯ ಕಾಂಪ್ಲೆಕ್ಸ್‌ಗಳಲ್ಲಿ ನಾನು ಅಂಗಡಿಯ ಮಹಡಿ ಸಂಖ್ಯೆ ಬರೆಯುತ್ತೇನೆ, ಲಿಫ್ಟ್ ಯಾವ ಬಾಗಿಲಿಗೆ ಹತ್ತಿರ ಅಂತಲೂ. ಲಿಫ್ಟ್ ಒಂದು ಕಡೆ, ಬಾಗಿಲು ಇನ್ನೊಂದು ಕಡೆ ಇರುವ ಕಟ್ಟಡಗಳು ತುಂಬಾ ಇವೆ.

ಬಾಗಿಲುಗಳನ್ನೆಲ್ಲ ಮ್ಯಾಪಿಗೆ ಹಾಕಿದರೆ ಕಳ್ಳರಿಗೆ ದಾರಿ ತೋರಿಸಿದಂತೆ ಆಗುವುದಿಲ್ವಾ?

ಈ ಭಯ ಸರಿಯಾದದ್ದೇ. ಅದಕ್ಕೆ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ರಸ್ತೆಯಲ್ಲಿ ನಿಂತರೆ ಕಾಣುವುದನ್ನು ಮಾತ್ರ ಬರೆಯುತ್ತೇನೆ. ಮನೆಗಳ ಹಿತ್ತಲ ಬಾಗಿಲು, ಹೆಣ್ಣುಮಕ್ಕಳ ಹಾಸ್ಟೆಲಿನ ಪಕ್ಕದ ದಾರಿ, ಮನೆಯವರ ಹೆಸರು, ಇವು ಯಾವುದನ್ನೂ ಹಾಕುವುದಿಲ್ಲ. ಖಾಸಗಿ ಗೇಟಿದ್ದರೆ ಖಾಸಗಿ ಅಂತ ಗುರುತು. ಯಾರಾದರೂ ಬಂದು ಬೇಡ ಅಂದರೆ ಅಲ್ಲಿಗೇ ಬಿಡುತ್ತೇನೆ, ವಾದ ಮಾಡುವುದಿಲ್ಲ.

ಇವತ್ತು ಹಾಕಿದ್ದು ನಾಳೆ ಬದಲಾದರೆ?

ಬದಲಾಗುತ್ತದೆ. ರಸ್ತೆ ಅಗಲ ಮಾಡುವಾಗ ಗೇಟು ಹಿಂದೆ ಸರಿಯುತ್ತದೆ, ಹೊಸ ಗಟಾರ ಬಂದು ಇಳಿಜಾರಿನ ತುದಿ ಒಡೆಯುತ್ತದೆ. ಸಪ್ತಾಪುರದಲ್ಲಿ ನಾನು ಖುಷಿಯಿಂದ ಹಾಕಿದ್ದ ಒಂದು ಇಳಿಜಾರಿನ ಮೇಲೆ ಈಗ ಕಬ್ಬಿಣದ ಜಾಲರಿ ನಿಂತಿದೆ, ದಾಟಲು ಆಗುವುದಿಲ್ಲ. ಅದಕ್ಕೇ ಪ್ರತಿ ಬಾಗಿಲಿಗೂ ನೋಡಿದ ತಾರೀಕು ಬರೆಯುವ ಖಾನೆ ತುಂಬುತ್ತೇನೆ. ಆರು ತಿಂಗಳಿಗೊಮ್ಮೆ ಒಂದು ಸುತ್ತು ಹಾಕುತ್ತೇನೆ, ಅವ್ವನ ಆಸ್ಪತ್ರೆಯಿಂದ ಶುರು ಮಾಡಿ. ಆ ಕಡೆ ನೀವು ಹೋದಾಗ ಬಾಗಿಲು ನೋಡಿ, ತಾರೀಕು ಹಳೆಯದಾಗಿದ್ದರೆ ಹೊಸದು ಹಾಕಿ, ಆ ಬಾಗಿಲೇ ಈಗ ಇಲ್ಲದಿದ್ದರೆ ಅಳಿಸಿಬಿಡಿ. ನನ್ನನ್ನು ಕೇಳುವುದು ಬೇಡ.